ಸ್ಪೋಲ್ಸ್ಕಿ ಹೆಸರು ದೊಡ್ಡದು. ಫಾಗ್‌ಬಗ್ಜ್ ಅದಕ್ಕೆ ತಕ್ಕಂತಿದೆಯಾ?

ಪ್ರಶ್ನೆ: ನಮ್ಮದು ಮೈಸೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿ. ಒಟ್ಟು ಒಂಬತ್ತು ಜನ. ಕ್ಲಿನಿಕ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಇಲ್ಲಿಯವರೆಗೆ ಬಗ್‌ಗಳೆಲ್ಲ, ಅಂದರೆ ಸಾಫ್ಟ್‌ವೇರ್‌ನ ದೋಷಗಳೆಲ್ಲ, ಒಂದು ವಾಟ್ಸಾಪ್ ಗ್ರೂಪ್ ಮತ್ತು ಒಂದು ಎಕ್ಸೆಲ್ ಶೀಟ್‌ನಲ್ಲಿವೆ. ಇನ್ನು ಹೀಗೆ ನಡೆಯಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗಿದೆ. ನಮ್ಮ ಟೀಮ್ ಲೀಡ್, ಸಾಫ್ಟ್‌ವೇರ್ ತಂಡ ನಡೆಸುವ ಬಗ್ಗೆ ಬರೆದ ಜೋಯಲ್ ಸ್ಪೋಲ್ಸ್ಕಿಯವರ ಬರಹಗಳ ಅಭಿಮಾನಿ. "ಅವರು ಮಾಡಿದ ಫಾಗ್‌ಬಗ್ಜ್ ತಗೊಳ್ಳೋಣ, ಕಣ್ಣು ಮುಚ್ಚಿ ನಂಬಬಹುದು" ಅನ್ನುತ್ತಾರೆ. ಉಳಿದವರು ಜಿರಾ ಅನ್ನುತ್ತಾರೆ. ಎರಡೂ ಬಗ್ ಬರೆದಿಟ್ಟು, ಅದು ಸರಿಯಾಗುವವರೆಗೆ ಲೆಕ್ಕ ಇಡುವ ಬಗ್ ಟ್ರ್ಯಾಕರ್‌ಗಳು. ಮಾಡಿದವರ ಹೆಸರಿಗೆ ತಕ್ಕ ಹಾಗೆ ಆ ಸಾಫ್ಟ್‌ವೇರ್ ನಿಜವಾಗಿಯೂ ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಫಾಗ್‌ಬಗ್ಜ್ ತನ್ನ ಒಳ್ಳೆಯ ಕಾಲದಲ್ಲಿ ಆ ಹೆಸರಿಗೆ ತಕ್ಕ ಹಾಗೆಯೇ ಇತ್ತು. ಕೆಲವು ವಿಷಯಗಳಲ್ಲಿ ಇವತ್ತಿನ ಎಷ್ಟೋ ಟೂಲ್‌ಗಳಿಗಿಂತ ಚೆನ್ನಾಗಿತ್ತು. ಆದರೆ ಇವತ್ತು ನೀವು ಅದನ್ನು ಕೊಂಡರೆ ದುಡ್ಡು ಹೋಗುವುದು ಸ್ಪೋಲ್ಸ್ಕಿಯವರ ಕಂಪನಿಗಲ್ಲ. 2018ರಲ್ಲೇ ಅದು ಕೈ ಬದಲಾಯಿಸಿದೆ. ನಿಮ್ಮ ಲೀಡ್ ಮೆಚ್ಚಿಕೊಂಡಿರುವ ವಿಚಾರಗಳೇನೋ ಪುಕ್ಕಟೆಯಾಗಿ ಸಿಗುತ್ತವೆ. ಯಾವ ಟೂಲ್ ಇದ್ದರೂ ಅವುಗಳನ್ನು ಪಾಲಿಸಬಹುದು. ಹಾಗಾಗಿ ಹೆಸರು, ಸಾಫ್ಟ್‌ವೇರ್, ಈಗಿನ ಮಾಲೀಕರು, ಈ ಮೂರನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಸ್ಪೋಲ್ಸ್ಕಿ 1990ರ ದಶಕದ ಆರಂಭದಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಎಕ್ಸೆಲ್ ತಂಡದಲ್ಲಿದ್ದವರು. ಎಕ್ಸೆಲ್‌ನಲ್ಲಿ ಇವತ್ತಿಗೂ ಜನ ಮ್ಯಾಕ್ರೋ ಬರೆಯುವ ವಿಬಿಎ ಇದೆಯಲ್ಲ, ಅದರ ಯೋಜನೆಯಲ್ಲಿ ಅವರ ಕೈ ಇತ್ತು. 2000ದಲ್ಲಿ ಮೈಕೇಲ್ ಪ್ರಯರ್ ಜೊತೆ ಸೇರಿ ನ್ಯೂಯಾರ್ಕ್‌ನಲ್ಲಿ ಫಾಗ್ ಕ್ರೀಕ್ ಸಾಫ್ಟ್‌ವೇರ್ ಶುರು ಮಾಡಿದರು. ಅದೇ ವರ್ಷ ಬರೆಯಲಿಕ್ಕೂ ಶುರು ಮಾಡಿದರು. ಹೆಸರು ಬಂದದ್ದು ಈ ಬರಹಗಳಿಂದ. ಆಗ ಸಾಫ್ಟ್‌ವೇರ್ ತಂಡ ನಡೆಸುವ ಬಗ್ಗೆ ಇದ್ದ ಪುಸ್ತಕಗಳು ಬಹಳ ದಪ್ಪ, ಬಹಳ ಒಣ. ಇವರು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಬರೆದರು. ಓದಿದವರಿಗೆ 'ಅರೆ, ಇದು ನಮ್ಮ ಆಫೀಸಿನ ಕಥೆಯೇ' ಅನ್ನಿಸಿತು.

2000ದ ಆಗಸ್ಟ್‌ನಲ್ಲಿ ಅವರು ತಂಡಗಳನ್ನು ಅಳೆಯಲು 12 ಪ್ರಶ್ನೆಗಳ ಒಂದು ಪಟ್ಟಿ ಬರೆದರು. ಹೌದು, ಇಲ್ಲ ಎಂದು ಉತ್ತರಿಸಿದರೆ ಸಾಕು. ನಾಲ್ಕನೆಯ ಪ್ರಶ್ನೆ, ನಿಮ್ಮಲ್ಲಿ ಬಗ್ ಡೇಟಾಬೇಸ್ ಇದೆಯಾ? ಐದನೆಯದು, ಹೊಸ ಕೋಡ್ ಬರೆಯುವ ಮೊದಲು ಹಳೆಯ ಬಗ್ ಸರಿ ಮಾಡುತ್ತೀರಾ? ತಲೆಯಲ್ಲಿ ಎರಡು ಮೂರು ಬಗ್‌ಗಿಂತ ಜಾಸ್ತಿ ಇಟ್ಟುಕೊಳ್ಳಲು ತನಗೆ ಆಗಲ್ಲ ಎಂದು ಅಲ್ಲಿ ಹೇಳಿದ್ದರು. ನವೆಂಬರ್‌ನಲ್ಲಿ ಬಗ್ ಬರೆದಿಡುವುದರ ಬಗ್ಗೆಯೇ ಉದ್ದನೆಯ ಲೇಖನ ಬಂತು. ಫಾಗ್‌ಬಗ್ಜ್ ಮಾರಾಟಕ್ಕೆ ಬಂದದ್ದೂ ಅದೇ ಹೊತ್ತಿಗೆ.

ಲೇಖನ ಒಂದು ಕಡೆ, ಸಾಫ್ಟ್‌ವೇರ್ ಇನ್ನೊಂದು ಕಡೆ ಅಂತ ಇರಲಿಲ್ಲ. ಲೇಖನದಲ್ಲಿ ಹೇಳಿದ್ದೇ ಸಾಫ್ಟ್‌ವೇರ್‌ನಲ್ಲಿ ಇತ್ತು. ಬರಹಕ್ಕೆ ಬಂದ ಮೆಚ್ಚುಗೆ ಸಾಫ್ಟ್‌ವೇರ್‌ಗೂ ಸಲ್ಲಬೇಕಾ ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಲೇಖನ ಹೇಳಿದ ಮುಖ್ಯ ಮಾತು ಬಹಳ ಸರಳ. ಬಗ್ ರಿಪೋರ್ಟ್‌ನಲ್ಲಿ ಮೂರು ವಿಷಯ ಇರಲೇಬೇಕು. ಏನೇನು ಮಾಡಿದಾಗ ತೊಂದರೆ ಬಂತು, ಏನಾಗಬೇಕಿತ್ತು, ಏನಾಯಿತು. ನಿಮ್ಮ ಕೆಲಸದಿಂದಲೇ ಉದಾಹರಣೆ ಕೊಡುತ್ತೇನೆ. ವಾಟ್ಸಾಪ್‌ನಲ್ಲಿ 'ಡಿಸ್ಕೌಂಟ್ ತಪ್ಪು ಬರ್ತಿದೆ, ಅರ್ಜೆಂಟ್' ಅಂತ ಮೆಸೇಜ್ ಬರುತ್ತದೆ. ಕೆಳಗೆ ಮಸುಕಾದ ಒಂದು ಫೋಟೋ. ಡೆವಲಪರ್ ಅದನ್ನು ನೋಡಿ ಏನು ಮಾಡಬೇಕು? ಫೋನ್ ಮಾಡಬೇಕು. ಕ್ಲಿನಿಕ್‌ನವರು ಫೋನ್ ಎತ್ತುವ ಹೊತ್ತಿಗೆ ಸಂಜೆ. ಅದರ ಬದಲು ಹೀಗಿದ್ದರೆ ನೋಡಿ: 'ಕನ್ಸಲ್ಟೇಶನ್ ಮತ್ತು ಲ್ಯಾಬ್ ಎರಡೂ ಇರುವ ಬಿಲ್ ತೆರೆದೆ. ಲ್ಯಾಬ್‌ಗೆ ಮಾತ್ರ 10% ಡಿಸ್ಕೌಂಟ್ ಕೊಟ್ಟೆ. ಸೇವ್ ಮಾಡಿ ಮತ್ತೆ ತೆರೆದೆ. ಲ್ಯಾಬ್ ಮೊತ್ತ ಮಾತ್ರ ಕಡಿಮೆಯಾಗಬೇಕಿತ್ತು. ಪೂರ್ತಿ ಬಿಲ್‌ಗೆ 10% ಕಡಿತವಾಗಿದೆ.' ಇಷ್ಟು ಇದ್ದರೆ ಡೆವಲಪರ್ ಯಾರನ್ನೂ ಕೇಳದೆ ಕೂತು ಕೆಲಸ ಶುರು ಮಾಡಬಹುದು. ಇದಕ್ಕೆ ಯಾವ ದುಬಾರಿ ಟೂಲೂ ಬೇಡ.

ಇನ್ನೊಂದು ನಿಯಮ ಇದೆ. ಬಗ್ ಸರಿ ಮಾಡಿದ ಡೆವಲಪರ್ ಅದನ್ನು 'ರಿಸಾಲ್ವ್' ಮಾಡಬಹುದು, 'ಕ್ಲೋಸ್' ಮಾಡುವ ಹಾಗಿಲ್ಲ. ಅದು ವಾಪಸ್ ಹೋಗುವುದು ಬಗ್ ಬರೆದವರ ಹತ್ತಿರ. ಅವರು ನೋಡಿ, ಹೌದು ಸರಿಯಾಗಿದೆ ಅಂದರೆ ಮಾತ್ರ ಕ್ಲೋಸ್. ಫಾಗ್‌ಬಗ್ಜ್ ಇದನ್ನು ತನ್ನ ನಡೆಯಲ್ಲೇ ಕಟ್ಟಿತ್ತು. ಅಲ್ಲಿ ಬರೆದಿಟ್ಟ ಪ್ರತಿ ಬಗ್‌ಗೂ 'ಕೇಸ್' ಎಂದು ಹೆಸರು. ರಿಸಾಲ್ವ್ ಒತ್ತಿದ ಕೂಡಲೇ ಕೇಸ್ ಬರೆದವರ ಹೆಸರಿಗೆ ತಾನಾಗಿ ಹೋಗುತ್ತಿತ್ತು. ಪ್ರತಿ ಕೇಸೂ ಯಾವಾಗಲೂ ಒಬ್ಬರ ಹೆಸರಿನಲ್ಲೇ ಇರಬೇಕು, ಒಬ್ಬರೇ ಇರಬೇಕು. 'ಟೀಮ್' ಅಂತ ಹಾಕಿ ಎಲ್ಲರೂ ಸುಮ್ನೆ ಕೂರುವ ಹಾಗಿಲ್ಲ. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ನಾನು ನೋಡಿದ ತಂಡಗಳಲ್ಲಿ ಬಗ್‌ಗಳು ಕಳೆದುಹೋಗುವುದು ಬಹುತೇಕ ಇಲ್ಲೇ. ಡೆವಲಪರ್ ತನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಟೆಸ್ಟರ್‌ಗೆ ಅದು ಮುಗಿದದ್ದೇ ಗೊತ್ತಿರುವುದಿಲ್ಲ. ಬಗ್ ಮಾತ್ರ ಗ್ರಾಹಕರ ಕಂಪ್ಯೂಟರ್‌ನಲ್ಲಿ ಹಾಯಾಗಿ ಇರುತ್ತದೆ.

ಈ ಭಾಗದಲ್ಲಿ ಫಾಗ್‌ಬಗ್ಜ್ ಹೆಸರನ್ನು ಪೂರ್ತಿ ಉಳಿಸಿಕೊಂಡಿತು. ಬಗ್ ಬರೆಯುವುದು ಸುಲಭವಾಗಿತ್ತು. ಗ್ರಾಹಕರ ಇಮೇಲ್ ನೇರವಾಗಿ ಕೇಸ್ ಆಗುತ್ತಿತ್ತು, ಸ್ಪ್ಯಾಮ್ ಅನ್ನು ಅದೇ ಕಲಿತುಕೊಂಡು ಬೇರೆ ಮಾಡುತ್ತಿತ್ತು. ನಿಮ್ಮ ಪ್ರೋಗ್ರಾಮ್ ಗ್ರಾಹಕರ ಕಡೆ ಕ್ರ್ಯಾಶ್ ಆದರೆ ಅದೇ ರಿಪೋರ್ಟ್ ಕಳಿಸುವ ವ್ಯವಸ್ಥೆಯೂ ಇತ್ತು. ಒಂದೇ ಕ್ರ್ಯಾಶ್ ನೂರು ಸಲ ಆದರೆ ನೂರು ಕೇಸ್ ಆಗುತ್ತಿರಲಿಲ್ಲ. ಒಂದೇ ಕೇಸ್, ಎಷ್ಟು ಸಲ ಬಂತು ಎಂಬ ಲೆಕ್ಕ ಅದರೊಳಗೆ. ಆ ಕಾಲಕ್ಕೆ ಇದು ದೊಡ್ಡ ವಿಷಯ. ಆಗ ಎಲ್ಲರಿಗೂ ಗೊತ್ತಿದ್ದ ಇನ್ನೊಂದು ಬಗ್ ಟ್ರ್ಯಾಕರ್ ಬಗ್ಜಿಲ್ಲಾ. ಅದು 1998ರಲ್ಲಿ ಮೊಜಿಲ್ಲಾ ಬ್ರೌಸರ್ ಯೋಜನೆಗಾಗಿ ಬಂದದ್ದು. ಅದು ಗಟ್ಟಿ ಸಾಮಾನು, ಇವತ್ತಿಗೂ ಗೌರವ ಇದೆ. ಆದರೆ ಬಗ್ ಬರೆಯುವ ಪುಟ ತೆರೆದರೆ ಹೊಸಬರಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ.

ನನಗೆ ಫಾಗ್‌ಬಗ್ಜ್ ಮೇಲೆ ಗೌರವ ಹುಟ್ಟಿದ್ದು ಮಾತ್ರ ಅದು 'ಕೊಡುವುದಿಲ್ಲ' ಎಂದು ಹಟ ಹಿಡಿದ ವಿಷಯಗಳಿಂದ.

ಒಂದು, ಹೊಸ ಫೀಲ್ಡ್‌ಗಳು, ಅಂದರೆ ಬಗ್ ಬರೆಯುವಾಗ ತುಂಬಬೇಕಾದ ಖಾನೆಗಳು. ಪ್ರತಿ ತಂಡದಲ್ಲೂ ತಿಂಗಳಿಗೊಬ್ಬರು ಬಂದು ಕೇಳುತ್ತಾರೆ. ಇನ್ನೊಂದು ಫೀಲ್ಡ್ ಬೇಕು. ಬ್ರೌಸರ್ ಯಾವುದು, ಯಾವ ಹಂತದಲ್ಲಿ ಸಿಕ್ಕಿತು, ಮೂಲ ಕಾರಣ ಯಾವ ಬಗೆ, ಗ್ರಾಹಕರ ಮೇಲೆ ಪರಿಣಾಮ ಎಷ್ಟು. ಒಂದೊಂದೂ ಕೇಳಲು ಸರಿಯಾಗಿಯೇ ಇರುತ್ತದೆ. ಎಲ್ಲವನ್ನೂ ಸೇರಿಸಿದರೆ ಬಗ್ ಬರೆಯುವುದು ಬ್ಯಾಂಕ್ ಸಾಲದ ಅರ್ಜಿ ತುಂಬಿದ ಹಾಗಾಗುತ್ತದೆ. ಆಮೇಲೆ ಯಾರೂ ಬರೆಯುವುದಿಲ್ಲ. ಈ ಆಸೆಗೆ ಬೀಳಬೇಡಿ ಎಂದು ಸ್ಪೋಲ್ಸ್ಕಿ 2000ದಲ್ಲೇ ಬರೆದರು. ಫಾಗ್‌ಬಗ್ಜ್ ವರ್ಷಗಟ್ಟಲೆ ಬೇಕಾದ ಹಾಗೆ ಫೀಲ್ಡ್ ಸೇರಿಸಲು ಬಿಡಲೇ ಇಲ್ಲ. ಗ್ರಾಹಕರು ಕೇಳುತ್ತಲೇ ಇದ್ದರು, ಇವರು ಬೇಡ ಅನ್ನುತ್ತಲೇ ಇದ್ದರು. ದುಡ್ಡು ಕೊಡುವವರಿಗೆ 'ಇದು ನಿಮಗೆ ಒಳ್ಳೆಯದಲ್ಲ' ಅಂತ ಹೇಳಲು ಧೈರ್ಯ ಬೇಕು.

ಎರಡನೆಯದು ಇನ್ನೂ ಮುಖ್ಯ. ಯಾವ ಡೆವಲಪರ್ ಎಷ್ಟು ಬಗ್ ಮಾಡಿದರು ಎಂಬ ರಿಪೋರ್ಟ್ ಅದರಲ್ಲಿ ಇರಲಿಲ್ಲ. ಬೇಕೆಂದೇ ಇಟ್ಟಿರಲಿಲ್ಲ. ಮ್ಯಾನೇಜರ್‌ಗಳು ಮೊದಲು ಕೇಳುವುದೇ ಅದು. ಆ ಲೆಕ್ಕ ಸಂಬಳಕ್ಕೋ ಪ್ರಮೋಷನ್‌ಗೋ ಸೇರಿದ ಮರುದಿನ ಏನಾಗುತ್ತದೆ ಗೊತ್ತಾ? ಡೆವಲಪರ್ ಟೆಸ್ಟರ್ ಹತ್ತಿರ ಬಂದು 'ಟಿಕೆಟ್ ಹಾಕಬೇಡಿ, ಬಾಯಲ್ಲಿ ಹೇಳಿಬಿಡಿ, ಈಗಲೇ ಸರಿ ಮಾಡ್ತೀನಿ' ಅನ್ನುತ್ತಾರೆ. ಟೆಸ್ಟರ್‌ಗೆ ಬಗ್ ಸಂಖ್ಯೆಯ ಗುರಿ ಇದ್ದರೆ ಅವರು ಸ್ಪೆಲ್ಲಿಂಗ್ ತಪ್ಪು, ಬಟನ್ ಬಣ್ಣ ಅಂತ ರಾಶಿ ಹಾಕುತ್ತಾರೆ. ಇದು ಚಿಲ್ಲರೆ ಬಗ್ಗಾ, ನಿಜವಾದ ಬಗ್ಗಾ ಎಂದು ವಾದ ಮಾಡುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ಕೊನೆಗೆ ಡೇಟಾಬೇಸ್ ತುಂಬ ಸುಳ್ಳು. ಬಗ್ ಟ್ರ್ಯಾಕರ್‌ನ ಜೀವ ಇರುವುದು ಜನ ಹೆದರದೆ ಬರೆಯುವುದರಲ್ಲಿ. ಅದನ್ನು ಶಿಕ್ಷೆಯ ಪುಸ್ತಕ ಮಾಡಿದರೆ ಬರೆಯುವವರೇ ಇರುವುದಿಲ್ಲ. ನೀವು ಒಂಬತ್ತು ಜನ ಇದ್ದೀರಿ, ಈಗಲೇ ಇದನ್ನು ನಿಮ್ಮೊಳಗೆ ಮಾತಾಡಿಕೊಳ್ಳಿ. ಮುಂದೆ ಬೆಳೆದಾಗ ಯಾರಾದರೂ ಆ ಚಾರ್ಟ್ ಕೇಳೇ ಕೇಳುತ್ತಾರೆ.

ಇನ್ನು ಹೆಸರಿಗೆ ಅರ್ಧ ಮಾತ್ರ ತಕ್ಕಂತಿದ್ದ ಭಾಗಕ್ಕೆ ಬರೋಣ. 2007ರಲ್ಲಿ ಫಾಗ್‌ಬಗ್ಜ್ 6 ಬಂತು. ಅದರಲ್ಲಿ ರಿಲೀಸ್ ದಿನಾಂಕ ಊಹಿಸುವ ಹೊಸ ವಿಧಾನ ಇತ್ತು. ಪ್ರತಿ ಕೆಲಸಕ್ಕೂ ಎಷ್ಟು ಗಂಟೆ ಬೇಕು ಅಂತ ಡೆವಲಪರ್ ಮೊದಲೇ ಬರೆಯಬೇಕು. ಆಮೇಲೆ ನಿಜಕ್ಕೂ ಎಷ್ಟು ಹಿಡಿಯಿತು ಅಂತಲೂ ಬರೆಯಬೇಕು. ಯಾವ ಕೆಲಸವೂ 16 ಗಂಟೆಗಿಂತ ದೊಡ್ಡದಿರಬಾರದು, ಇದ್ದರೆ ಒಡೆಯಬೇಕು. ಹೀಗೆ ಕೂಡಿದ ಹಳೆಯ ಲೆಕ್ಕದಿಂದ ಸಾಫ್ಟ್‌ವೇರ್ ಪ್ರತಿಯೊಬ್ಬರ ಅಂದಾಜಿನ ಗುಣ ಕಲಿಯುತ್ತದೆ. ಕೆಲವರು ಯಾವಾಗಲೂ ಕಡಿಮೆ ಹೇಳುತ್ತಾರೆ, ಆದರೆ ಪ್ರತಿ ಸಲ ಅಷ್ಟೇ ಕಡಿಮೆ. ಅವರ ಮಾತನ್ನು ಎರಡರಿಂದ ಗುಣಿಸಿದರೆ ಸಾಕು. ಕೆಲವರದ್ದು ಒಂದು ಸಲ ಹೀಗೆ, ಒಂದು ಸಲ ಹಾಗೆ. ಅವರ ಅಂದಾಜಿನಿಂದ ಏನೂ ತಿಳಿಯುವುದಿಲ್ಲ. ಈ ಎಲ್ಲವನ್ನೂ ಹಾಕಿ 100 ಸಲ ಭವಿಷ್ಯವನ್ನು ಆಡಿಸಿ ನೋಡುತ್ತದೆ. ಹೊರಗೆ ಬರುವುದು ಒಂದೇ ದಿನಾಂಕವಲ್ಲ. ಇಂಥ ದಿನ ಮುಗಿಯುವ ಸಾಧ್ಯತೆ ಇಷ್ಟು ಶೇಕಡಾ ಎಂಬ ಗೆರೆ.

ವಿಚಾರ ತುಂಬಾ ಚೆನ್ನಾಗಿದೆ. 2000ದಲ್ಲಿ ವೇಳಾಪಟ್ಟಿ ಬಗ್ಗೆ ತಾವೇ ಬರೆದಿದ್ದ ಲೇಖನದ ಮೇಲೆ 'ಇದು ಹಳತಾಯಿತು, ಹೊಸ ವಿಧಾನ ನೋಡಿ' ಎಂದು ಅವರೇ ಬರೆದರು. ತಪ್ಪಿದ್ದು ವಿಚಾರದಲ್ಲಲ್ಲ, ದಿನನಿತ್ಯದ ಬಳಕೆಯಲ್ಲಿ. ಗಂಟೆಗಳನ್ನು ಪ್ರಾಮಾಣಿಕವಾಗಿ, ಬಿಡದೆ, ತಿಂಗಳುಗಟ್ಟಲೆ ಬರೆಯಬೇಕು. ಒಬ್ಬರು ಬಿಟ್ಟರೂ ಲೆಕ್ಕ ಹಳಸುತ್ತದೆ. ಅಷ್ಟು ಶಿಸ್ತು ಇರುವ ತಂಡಗಳು ಕಡಿಮೆ. ನಿಮ್ಮಂಥ ತಂಡದಲ್ಲಿ ಡೆವಲಪರ್ ಬೆಳಗ್ಗೆ ಕೋಡ್, ಮಧ್ಯಾಹ್ನ ಕ್ಲಿನಿಕ್‌ನಿಂದ ಬಂದ ಫೋನ್, ಸಂಜೆ ಡೆಮೋ ಅಂತ ಓಡುತ್ತಿರುತ್ತಾರೆ. ಗಂಟೆ ಬರೆದಿಡಲು ಕೂರುವುದು ಯಾವಾಗ? ಈ ಒಂದು ಸೌಲಭ್ಯಕ್ಕಾಗಿಯೇ ಫಾಗ್‌ಬಗ್ಜ್ ಬೇಕು ಅಂತ ನಿಮ್ಮ ಲೀಡ್ ಹೇಳುತ್ತಿದ್ದರೆ, ಮೊದಲು ಒಂದು ತಿಂಗಳು ಎಕ್ಸೆಲ್‌ನಲ್ಲೇ ಎಲ್ಲರೂ ಗಂಟೆ ಬರೆಯಲಿ. ಅದು ನಡೆದರೆ ಮಾತ್ರ ಮುಂದಿನ ಮಾತು.

ಹೆಸರು ಮತ್ತು ಕೆಲಸ ಎದುರುಬದುರಾದ ಇನ್ನೊಂದು ಕಥೆ ಇದೆ. ಸಾಫ್ಟ್‌ವೇರ್ ಜನ ಇವತ್ತಿಗೂ ಇದನ್ನು ಚರ್ಚೆ ಮಾಡುತ್ತಾರೆ. ಫಾಗ್‌ಬಗ್ಜ್ ಹುಟ್ಟಿದ್ದು ವಿಂಡೋಸ್ ಸರ್ವರ್‌ಗಾಗಿ, ಮೈಕ್ರೋಸಾಫ್ಟ್‌ನದೇ ಆದ ಎಎಸ್‌ಪಿ ಮತ್ತು ವಿಬಿಸ್ಕ್ರಿಪ್ಟ್‌ನಲ್ಲಿ. ಆಗ ಗ್ರಾಹಕರು ಅದನ್ನು ತಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳುತ್ತಿದ್ದರು. ಲಿನಕ್ಸ್ ಇಟ್ಟುಕೊಂಡವರು ನಮಗೂ ಬೇಕು ಅಂದರು. ಸುಲಭದ ದಾರಿ ಎಂದರೆ ಎಲ್ಲವನ್ನೂ ಬೇರೆ ಭಾಷೆಯಲ್ಲಿ ಹೊಸದಾಗಿ ಬರೆಯುವುದು. ಆದರೆ ಓಡುತ್ತಿರುವ ಕೋಡನ್ನು ಎಂದೂ ಮೊದಲಿನಿಂದ ಬರೆಯಬೇಡಿ ಎಂದು 2000ದ ಏಪ್ರಿಲ್‌ನಲ್ಲಿ ಸ್ಪೋಲ್ಸ್ಕಿ ನೆಟ್‌ಸ್ಕೇಪ್ ಬ್ರೌಸರ್‌ನ ಉದಾಹರಣೆ ಕೊಟ್ಟು ಬರೆದಿದ್ದರು. ಅವರ ಅತಿ ಪ್ರಸಿದ್ಧ ಲೇಖನಗಳಲ್ಲಿ ಅದೂ ಒಂದು. ಹಾಗಾಗಿ ಫಾಗ್ ಕ್ರೀಕ್ ಹಳೆಯ ಕೋಡನ್ನೇ ಲಿನಕ್ಸ್‌ನಲ್ಲೂ ಓಡುವ ಪಿಎಚ್‌ಪಿ ಭಾಷೆಗೆ ಬದಲಾಯಿಸುವ ಪ್ರೋಗ್ರಾಮ್ ಬರೆಯಿತು. ಅದು ಬೆಳೆಯುತ್ತಾ ಬೆಳೆಯುತ್ತಾ ವಸಾಬಿ ಎಂಬ ಸ್ವಂತ ಭಾಷೆಯೇ ಆಯಿತು. 2006ರಲ್ಲಿ ಇದನ್ನು ಬಹಿರಂಗವಾಗಿ ಹೇಳಿದಾಗ ಗದ್ದಲವೇ ಎದ್ದಿತು. ಪರಿಚಿತ ಭಾಷೆಗಳನ್ನೇ ಬಳಸಿ ಎಂದು ಊರಿಗೆಲ್ಲ ಹೇಳಿದವರು ತಾವೇ ಹೊಸ ಭಾಷೆ ಕಟ್ಟಿದ್ದಾರಲ್ಲ ಎಂದು. ಕಟುವಾಗಿ ಟೀಕೆ ಮಾಡಿದವರಲ್ಲಿ ಜೆಫ್ ಅಟ್‌ವುಡ್ ಎಂಬ ಪ್ರೋಗ್ರಾಮರ್, ಬ್ಲಾಗರ್ ಒಬ್ಬರು. ಎರಡು ವರ್ಷದ ನಂತರ ಅದೇ ಅಟ್‌ವುಡ್ ಮತ್ತು ಸ್ಪೋಲ್ಸ್ಕಿ ಸೇರಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಕಟ್ಟಿದರು. ಟೀಕೆಯನ್ನು ಹಾಗೆ ತೆಗೆದುಕೊಳ್ಳುವವರು ಅಪರೂಪ.

ವಸಾಬಿಯಿಂದ ಬಳಕೆದಾರರಿಗೆ ತೊಂದರೆಯೇನೂ ಆಗಲಿಲ್ಲ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಫಾಗ್‌ಬಗ್ಜ್ ಓಡಿತು. ತಮ್ಮ ಬರಹಕ್ಕೆ ತಾವೇ ಬದ್ಧರಾಗಿ ನಡೆದದ್ದಕ್ಕೆ ಅವರಿಗೆ ಅಂಕ ಕೊಡುತ್ತೇನೆ. ಭಾರ ಬಿದ್ದದ್ದು ಕಂಪನಿಯ ಮೇಲೆ. ಹೊಸದಾಗಿ ಸೇರಿದ ಡೆವಲಪರ್ ಹೊರಗೆಲ್ಲೂ ಇಲ್ಲದ ಭಾಷೆ ಕಲಿಯಬೇಕು. ಅದಕ್ಕೆ ಹೊರಗಿನ ಪುಸ್ತಕ ಇಲ್ಲ, ಟೂಲ್ ಇಲ್ಲ, ಕೇಳಲು ಹೊರಗೆ ಯಾರೂ ಇಲ್ಲ. 2015ರಲ್ಲಿ ಕೊನೆಗೂ ವಸಾಬಿಯನ್ನು ಬಿಟ್ಟು ಎಲ್ಲರೂ ಬಳಸುವ ಸಿ ಶಾರ್ಪ್ ಭಾಷೆಗೆ ಹೋದರು. ಆಗಲೂ ಕೈಯಲ್ಲಿ ಹೊಸದಾಗಿ ಬರೆಯಲಿಲ್ಲ, ಪ್ರೋಗ್ರಾಮ್ ಮೂಲಕವೇ ಬದಲಾಯಿಸಿದರು. ಅಷ್ಟು ಹೊತ್ತಿಗೆ ಮಾರುಕಟ್ಟೆ ಎಲ್ಲಿಗೋ ಹೋಗಿತ್ತು.

ಹೋದದ್ದು ಮುಖ್ಯವಾಗಿ ಜಿರಾ ಕಡೆಗೆ. ಸಿಡ್ನಿಯ ಅಟ್ಲಾಸಿಯನ್ ಕಂಪನಿ 2002ರಲ್ಲಿ ಅದನ್ನು ತಂದಿತು. ಫಾಗ್‌ಬಗ್ಜ್ ಎಲ್ಲೆಲ್ಲಿ 'ಬೇಡ' ಅಂದಿತೋ ಅಲ್ಲೆಲ್ಲ ಜಿರಾ 'ತಗೊಳ್ಳಿ' ಅಂದಿತು. ಫೀಲ್ಡ್ ಬೇಕಾ, ಎಷ್ಟು ಬೇಕಾದರೂ ಹಾಕಿಕೊಳ್ಳಿ. ವರ್ಕ್‌ಫ್ಲೋ, ಅಂದರೆ ಬಗ್ ದಾಟಬೇಕಾದ ಹಂತಗಳು ಬೇಕಾ, ನೀವೇ ಬರೆದುಕೊಳ್ಳಿ. ಚಿಕ್ಕ ತಂಡಕ್ಕೆ ಇದು ವರವಲ್ಲ. ಆದರೆ ಟೂಲ್ ಕೊಳ್ಳುವ ತೀರ್ಮಾನ ದೊಡ್ಡ ಕಂಪನಿಗಳಲ್ಲಿ ಬಗ್ ಬರೆಯುವವರ ಕೈಯಲ್ಲಿ ಇರುವುದಿಲ್ಲ. ಅದು ಪ್ರೊಸೆಸ್ ವಿಭಾಗ, ಆಡಿಟ್ ವಿಭಾಗ, ಮೇಲಿನ ಮ್ಯಾನೇಜರ್‌ಗಳ ಕೈಯಲ್ಲಿ ಇರುತ್ತದೆ. ಅವರಿಗೆ ಫೀಲ್ಡ್ ಬೇಕು, ಅಪ್ರೂವಲ್ ಹಂತಗಳು ಬೇಕು, ಚಾರ್ಟ್ ಬೇಕು. ಬೆಂಗಳೂರಿನ ಸರ್ವಿಸ್ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಸ್ಪೋಲ್ಸ್ಕಿಯವರೂ ಇದನ್ನು ಕಂಡರು. ನಿಧಾನವಾಗಿ ಬೆಳೆಯುವುದು ಸಾಕಾ, ವೇಗವಾಗಿ ಬೆಳೆಯುವ ಪ್ರತಿಸ್ಪರ್ಧಿ ಇದ್ದರೆ ಏನು ಗತಿ ಎಂದು 2009ರಲ್ಲಿ ಒಂದು ಪತ್ರಿಕೆಯ ಅಂಕಣದಲ್ಲಿ ಕೇಳಿಕೊಂಡರು. ಅದೇ ವರ್ಷದ ಫಾಗ್‌ಬಗ್ಜ್ 7ರಲ್ಲಿ ಬೇಕಾದ ಸೌಲಭ್ಯ ಸೇರಿಸಿಕೊಳ್ಳುವ ಪ್ಲಗಿನ್ ಬಂತು, ಅದರ ಮೂಲಕ ಹೊಸ ಫೀಲ್ಡ್‌ಗಳೂ ಬಂದವು. ಒಂಬತ್ತು ವರ್ಷ ಹಿಡಿದಿದ್ದ ಹಟ ಸಡಿಲವಾಯಿತು. ನನ್ನ ಅಭಿಪ್ರಾಯದಲ್ಲಿ ಆ ಹಟ ಸರಿಯೇ ಇತ್ತು. ಆದರೆ ವ್ಯಾಪಾರಕ್ಕೆ ಅದು ಸಾಕಾಗಲಿಲ್ಲ.

ಆಮೇಲೆ ಕೆಲಸಗಳ ಲೆಕ್ಕ ಇಡುವ ಟ್ರೆಲ್ಲೋ ಬಂತು. 2011ರಲ್ಲಿ ಇದೇ ಫಾಗ್ ಕ್ರೀಕ್‌ನಿಂದ. ಕಾಲಮ್‌ಗಳು, ಕಾರ್ಡ್‌ಗಳು, ಅಷ್ಟೇ. 'ಕಡಿಮೆ ಇದ್ದರೆ ಒಳ್ಳೆಯದು' ಎಂಬ ಹಳೆಯ ನಂಬಿಕೆಯನ್ನು ಇನ್ನೂ ಮುಂದಕ್ಕೆ ಒಯ್ದದ್ದು ಅದು. ಜನ ಮುಗಿಬಿದ್ದರು. 2014ರಲ್ಲಿ ಅದು ಬೇರೆ ಕಂಪನಿಯಾಯಿತು. 2017ರಲ್ಲಿ ಅಟ್ಲಾಸಿಯನ್ ಅದನ್ನು 42.5 ಕೋಟಿ ಡಾಲರ್‌ಗೆ ಕೊಂಡಿತು. ಅಂದರೆ ಸ್ಪೋಲ್ಸ್ಕಿ ಹೆಸರಿಗೆ ಹೊಂದುವ ಇನ್ನೊಂದು ಸಾಫ್ಟ್‌ವೇರ್ ಈಗ ಜಿರಾದವರ ಮನೆಯಲ್ಲೇ ಇದೆ. ಕಂಪನಿಯ ಒಳ್ಳೆಯ ತಲೆಗಳು ಹೊಸದರ ಕಡೆ ಹೋದಾಗ ಹಳೆಯದಕ್ಕೆ ಗಮನ ಕಡಿಮೆಯಾಗುವುದು ಸಹಜ. ಫಾಗ್‌ಬಗ್ಜ್‌ಗೂ ಹಾಗೇ ಆಯಿತು ಎಂದೇ ನಾನು ಓದಿಕೊಳ್ಳುತ್ತೇನೆ.

ಆ ಜನರ ನಿಯತ್ತಿನ ಬಗ್ಗೆ ಮಾತ್ರ ನನಗೆ ಅನುಮಾನ ಇಲ್ಲ. 2012ರ ಅಕ್ಟೋಬರ್ ಕೊನೆಗೆ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಬಡಿಯಿತು. ಅವರ ಸರ್ವರ್‌ಗಳಿದ್ದ ಮ್ಯಾನ್‌ಹಟನ್ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿ ಡೀಸೆಲ್ ಪಂಪ್ ನಿಂತುಹೋಯಿತು. ಜನರೇಟರ್ ಇದ್ದದ್ದು ಮೇಲೆ. ಅಲ್ಲಿದ್ದ ಕೆಲವು ಕಂಪನಿಗಳ ಉದ್ಯೋಗಿಗಳು, ಫಾಗ್ ಕ್ರೀಕ್‌ನವರೂ ಸೇರಿ, ಕತ್ತಲ ಮೆಟ್ಟಿಲುಗಳಲ್ಲಿ 17 ಮಹಡಿ ಬಕೆಟ್‌ಗಳಲ್ಲಿ ಡೀಸೆಲ್ ಹೊತ್ತು ಗ್ರಾಹಕರ ಸೇವೆಯನ್ನು ಉಳಿಸಿಕೊಂಡರು. ಅಂಥವರಿಗೆ ಒಳ್ಳೆಯ ಹೆಸರು ಬಂದರೆ ಅದು ಸಲ್ಲಬೇಕಾದದ್ದೇ.

ಆದರೆ ನಿಮಗೆ ಬೇಕಾದದ್ದು ಇವತ್ತಿನ ಮಾತು. 2017ರಲ್ಲಿ ಫಾಗ್‌ಬಗ್ಜ್‌ಗೆ ಮ್ಯಾನುಸ್ಕ್ರಿಪ್ಟ್ ಎಂದು ಹೆಸರು ಬದಲಾಯಿಸಿದರು. 2018ರಲ್ಲಿ ಅದನ್ನು ಡೆವ್‌ಫ್ಯಾಕ್ಟರಿ ಎಂಬ ಕಂಪನಿಗೆ ಮಾರಿದರು. ಹೊಸ ಮಾಲೀಕರು ಹಳೆಯ ಹೆಸರನ್ನೇ ಮತ್ತೆ ತಂದರು. ಫಾಗ್ ಕ್ರೀಕ್ ಗ್ಲಿಚ್ ಎಂದು ಹೆಸರು ಬದಲಾಯಿಸಿಕೊಂಡು ಬೇರೆ ದಾರಿ ಹಿಡಿಯಿತು. ಹೀಗಾಗಿ ಇವತ್ತಿನ ಫಾಗ್‌ಬಗ್ಜ್‌ನ ಸಪೋರ್ಟ್, ಬೆಲೆ, ಮುಂದಿನ ಯೋಜನೆ ಯಾವುದನ್ನೂ ಸ್ಪೋಲ್ಸ್ಕಿ ಹೆಸರಿನ ಮೇಲೆ ನಂಬುವ ಹಾಗಿಲ್ಲ. ಹೊಸ ಮಾಲೀಕರನ್ನು ಹೊಸಬರ ಹಾಗೆಯೇ ಪರೀಕ್ಷೆ ಮಾಡಬೇಕು. ಕೇಳಿದ ಪ್ರಶ್ನೆಗೆ ಎಷ್ಟು ದಿನದಲ್ಲಿ ಉತ್ತರ ಬರುತ್ತದೆ, ಕಳೆದ ಒಂದು ವರ್ಷದಲ್ಲಿ ಏನೇನು ಹೊಸದಾಗಿ ಬಂದಿದೆ, ಈಗ ಬಳಸುವವರು ಏನು ಹೇಳುತ್ತಾರೆ ಎಂದು ನೋಡಿ. ಕಣ್ಣು ಮುಚ್ಚಿ ನಂಬುವ ಮಾತಂತೂ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಟೂಲ್ ಹುಡುಕುವ ಮೊದಲೇ ವಾಟ್ಸಾಪ್‌ನಲ್ಲಿ ಬಗ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತೇನೆ. ಇದು ಕಷ್ಟ, ಗೊತ್ತು. ಕ್ಲಿನಿಕ್‌ನವರಿಗೆ ಬಿಡಿ, ಅವರು ಎಲ್ಲಿ ಬೇಕಾದರೂ ಹೇಳಲಿ. ನಿಮ್ಮ ಸಪೋರ್ಟ್ ಹುಡುಗರು ಅದನ್ನು ಮೂರು ಸಾಲಿನ ಬಗ್ ಮಾಡಿ ಟ್ರ್ಯಾಕರ್‌ಗೆ ಹಾಕಬೇಕು. ತಂಡದ ಒಳಗೆ ಮಾತ್ರ ಒಂದೇ ಬಾಗಿಲು. ಯಾರಾದರೂ ಡೆವಲಪರ್ ಮೇಜಿನ ಹತ್ತಿರ ಬಂದು ಬಗ್ ಹೇಳಿದರೆ 'ದಯವಿಟ್ಟು ಟ್ರ್ಯಾಕರ್‌ನಲ್ಲಿ ಹಾಕಿ' ಎಂದಷ್ಟೇ ಉತ್ತರ. ಸ್ಪೋಲ್ಸ್ಕಿ ಕೊಟ್ಟ ಸಲಹೆಯೂ ಇದೇ. ಇದಕ್ಕೆ ನಿಮ್ಮ ಲೀಡ್ ಕಾವಲು ನಿಲ್ಲಲಿ. ಅವರ ಅಭಿಮಾನಕ್ಕೆ ಇದೇ ಒಳ್ಳೆಯ ಕೆಲಸ.

ಟೂಲ್ ವಿಷಯಕ್ಕೆ ಬಂದರೆ, ನಿಮ್ಮ ಕೋಡ್ ಈಗಾಗಲೇ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿದ್ದರೆ ಅಲ್ಲಿನ ಬಗ್ ಪಟ್ಟಿ 'ಇಶ್ಯೂಸ್‌'ನಲ್ಲೇ ಶುರು ಮಾಡಿ. ಒಂಬತ್ತು ಜನಕ್ಕೆ ಅದು ಧಾರಾಳ ಸಾಕು. ಸರ್ವರ್ ನಿಮ್ಮ ಕೈಯಲ್ಲೇ ಇರಬೇಕು ಅಂದರೆ ಮ್ಯಾಂಟಿಸ್ ಅಥವಾ ರೆಡ್‌ಮೈನ್ ನೋಡಿ. ಎರಡೂ ಓಪನ್ ಸೋರ್ಸ್, ಎರಡೂ ಹಳೆಯವು, ನೋಟ ಸ್ವಲ್ಪ ಹಳತು, ಕೆಲಸ ಗಟ್ಟಿ. ಜಿರಾ ಕ್ಲೌಡ್ 10 ಜನರವರೆಗೆ ಉಚಿತವಾಗಿ ಸಿಗುತ್ತದೆ. ನೀವು ಒಂಬತ್ತು ಜನ ಇರುವುದರಿಂದ ಮುಂದಿನ ಇಬ್ಬರನ್ನು ಸೇರಿಸಿಕೊಂಡ ಕೂಡಲೇ ಎಲ್ಲರಿಗೂ ದುಡ್ಡು ಕಟ್ಟಬೇಕಾಗುತ್ತದೆ, ಅದನ್ನು ಈಗಲೇ ಲೆಕ್ಕ ಹಾಕಿ. ಜಿರಾ ತೆಗೆದುಕೊಂಡರೆ ಅದನ್ನು ಫಾಗ್‌ಬಗ್ಜ್ ಹಾಗೆ ಬಳಸಿ. ಫೀಲ್ಡ್‌ಗಳನ್ನು ತೆಗೆದುಹಾಕಿ, ಓಪನ್, ರಿಸಾಲ್ವ್, ಕ್ಲೋಸ್ ಮೂರೇ ಹಂತ ಇಡಿ, ಕ್ಲೋಸ್ ಮಾಡುವ ಹಕ್ಕು ಬರೆದವರಿಗೆ ಕೊಡಿ. ಜಿರಾ ಕೆಟ್ಟದು ಎಂದು ಬೈಯುವವರು ಬಹಳ ಸಲ ಬೈಯುತ್ತಿರುವುದು ತಮ್ಮ ಕಂಪನಿ ಅದರಲ್ಲಿ ಹೇರಿದ ನಿಯಮಗಳನ್ನು.

ಹಳೆಯ ಎಕ್ಸೆಲ್ ಶೀಟ್‌ನಲ್ಲಿರುವ ಎಲ್ಲವನ್ನೂ ಹೊಸ ಟ್ರ್ಯಾಕರ್‌ಗೆ ತುಂಬಬೇಡಿ. ಬಗ್ ಪಟ್ಟಿ ಗೋದಾಮಿನ ಸರಕಿನ ಹಾಗೆ ಬೆಳೆಯುವುದೇ ಒಂದು ನಷ್ಟ ಎಂದು 2012ರಲ್ಲಿ ಸ್ಪೋಲ್ಸ್ಕಿಯೇ ಬರೆದರು. ಎರಡು ವಾರದ ಕೆಲಸಕ್ಕಿಂತ ಜಾಸ್ತಿ ಬಗ್ ಕೂಡಲು ಬಿಡಬೇಡಿ ಎನ್ನುವುದು ಅವರ ಮಾತು. ಜಾಸ್ತಿಯಾದರೆ ಕೂತು ಸರಿ ಮಾಡಿ, ಉಳಿದ ಚಿಲ್ಲರೆಯನ್ನು 'ಮಾಡುವುದಿಲ್ಲ' ಎಂದು ಮುಚ್ಚಿಬಿಡಿ. ಬಗ್ ಟ್ರ್ಯಾಕರ್ ಮಾರುವವರೇ ಹೀಗೆ ಬರೆದದ್ದು ನನಗೆ ಅವರ ಬಗ್ಗೆ ಇರುವ ನಂಬಿಕೆಗೆ ಒಂದು ದೊಡ್ಡ ಕಾರಣ. ಬಿಲ್ ಮೊತ್ತ ತಪ್ಪಾಗುವ ಬಗ್ ಮಾತ್ರ ಎಷ್ಟು ಹಳೆಯದಾದರೂ ಬಿಡುವ ಹಾಗಿಲ್ಲ, ಅದು ಬೇರೆ ಮಾತು.

ನಿಮ್ಮದು ಕ್ಲಿನಿಕ್ ಕೆಲಸ ಆದ್ದರಿಂದ ಇನ್ನೊಂದು ಎಚ್ಚರ. ಬಿಲ್‌ನ ಸ್ಕ್ರೀನ್‌ಶಾಟ್ ಹಾಕಿದರೆ ಅದರಲ್ಲಿ ರೋಗಿಯ ಹೆಸರು, ಫೋನ್ ನಂಬರ್, ಮಾಡಿಸಿದ ಪರೀಕ್ಷೆ ಎಲ್ಲ ಇರುತ್ತದೆ. ಅದು ಹೊರಗಿನ ಕಂಪನಿಯ ಸರ್ವರ್‌ಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ನಮ್ಮ ದೇಶದಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾನೂನೇ ಬಂದಿದೆ. ಹೆಸರು, ನಂಬರ್ ಅಳಿಸದ ಸ್ಕ್ರೀನ್‌ಶಾಟ್ ಟ್ರ್ಯಾಕರ್‌ಗೆ ಹೋಗಬಾರದು ಎಂಬುದನ್ನು ಮೊದಲ ದಿನವೇ ನಿಯಮ ಮಾಡಿ. ವಾಟ್ಸಾಪ್ ಗ್ರೂಪ್‌ನಲ್ಲಿ ಈಗಾಗಲೇ ಇರುವ ಫೋಟೋಗಳನ್ನೂ ಅಳಿಸಿ.

ಇಷ್ಟೆಲ್ಲ ಆದ ಮೇಲೂ ನಿಮ್ಮ ಲೀಡ್‌ಗೆ ಫಾಗ್‌ಬಗ್ಜ್ ನೋಡಲೇಬೇಕು ಅನ್ನಿಸಿದರೆ ಬೇಡ ಅನ್ನಬೇಡಿ. ಒಂದು ರಿಲೀಸ್‌ನ ನಿಜವಾದ ಬಗ್‌ಗಳನ್ನು ಅದರಲ್ಲಿ ಹಾಕಿ ನಡೆಸಿ. ಬಗ್ ಬರೆಯುವವರನ್ನು, ಅಂದರೆ ನಿಮ್ಮ ಟೆಸ್ಟರ್ ಮತ್ತು ಸಪೋರ್ಟ್‌ನವರನ್ನು ಕೇಳಿ ತೀರ್ಮಾನ ಮಾಡಿ. ದುಡ್ಡು ಕಟ್ಟುವ ಮೊದಲು ಎಲ್ಲ ಕೇಸ್‌ಗಳನ್ನೂ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ತೆರೆದು ನೋಡಿ. ಕಾಮೆಂಟ್‌ಗಳು, ಅಟ್ಯಾಚ್‌ಮೆಂಟ್‌ಗಳು, ಯಾರು ಯಾವಾಗ ಏನು ಬದಲಾಯಿಸಿದರು ಎಂಬುದೆಲ್ಲ ಅದರಲ್ಲಿ ಇದ್ದರೆ ಮಾತ್ರ ಮುಂದಕ್ಕೆ ಹೋಗಿ.